ಕೀಬೋರ್ಡಿನ ವೇಷದಲ್ಲಿ ಬಂದ ಪೆನ್‌ಡ್ರೈವ್

2020ರ ಆರಂಭದಲ್ಲಿ ಅಮೆರಿಕದ ಕೆಲವು ಕಂಪನಿಗಳಿಗೆ ಅಂಚೆಯಲ್ಲಿ ಲಕೋಟೆಗಳು ಬಂದವು. ಒಳಗೆ ಬೆಸ್ಟ್ ಬೈ ಮಳಿಗೆಯ ಹೆಸರಿನಲ್ಲಿ ಬರೆದ ಪತ್ರ, 50 ಡಾಲರಿನ ಗಿಫ್ಟ್ ಕಾರ್ಡ್, ಜೊತೆಗೊಂದು ಪೆನ್‌ಡ್ರೈವ್. ಕಾರ್ಡ್ ಬಳಸಿ ಏನೇನು ಕೊಳ್ಳಬಹುದೆಂಬ ಪಟ್ಟಿ ಅದರಲ್ಲಿದೆ ಎಂದು ಪತ್ರ ಹೇಳುತ್ತಿತ್ತು. ಕೆಲವು ಪೊಟ್ಟಣಗಳಲ್ಲಿ ಟೆಡ್ಡಿ ಬೇರ್ ಗೊಂಬೆಯೂ ಇತ್ತು. ಡ್ರೈವ್ ಹಾಕಿದವರಿಗೆ ಪಟ್ಟಿ ಸಿಗುತ್ತಿರಲಿಲ್ಲ. ಅದು ತಾನೊಂದು ಕೀಬೋರ್ಡ್ ಎಂದು ಕಂಪ್ಯೂಟರಿಗೆ ಹೇಳಿಕೊಂಡು, ತಾನೇ ಕಮಾಂಡ್ ಟೈಪ್ ಮಾಡಿ, ಇಂಟರ್ನೆಟ್‌ನಿಂದ ಮಾಲ್‌ವೇರ್ ಇಳಿಸಿಕೊಳ್ಳುತ್ತಿತ್ತು. ಇದು ಫಿನ್7 ಎಂಬ ಸೈಬರ್ ಕಳ್ಳರ ಗುಂಪಿನ ಕೆಲಸ ಎಂದು ಎಫ್‌ಬಿಐ ಎಚ್ಚರಿಸಿತು. 2022ರ ಜನವರಿಯಲ್ಲಿ ಅದೇ ಎಚ್ಚರಿಕೆಯನ್ನು ಮತ್ತೆ ಕೊಡಬೇಕಾಯಿತು. ಈ ಬಾರಿ ಪೊಟ್ಟಣದ ಮೇಲಿದ್ದದ್ದು ಅಮೆಜಾನ್ ಮತ್ತು ಅಮೆರಿಕದ ಆರೋಗ್ಯ ಇಲಾಖೆಯ ಹೆಸರು.

ಅದೇ ಕೆಲಸವನ್ನು ಈಗ ಅಂಗೈಯಲ್ಲಿ ಹಿಡಿಸುವ ಫ್ಲಿಪ್ಪರ್ ಝೀರೊ ಎಂಬ ಉಪಕರಣ ಸಲೀಸಾಗಿ ಮಾಡುತ್ತದೆ. 2020ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ 60,000 ಡಾಲರ್ ಕೇಳಿ ಹೊರಟ ಈ ಯೋಜನೆಗೆ 48 ಲಕ್ಷ ಡಾಲರಿಗೂ ಹೆಚ್ಚು ಹಣ ಹರಿದುಬಂತು. 1.4 ಇಂಚಿನ ಪರದೆಯಲ್ಲಿ ಒಂದು ಡಾಲ್ಫಿನ್ ಆಡುತ್ತಿರುತ್ತದೆ. ಟಿವಿ ರಿಮೋಟ್‌ನಿಂದ ಹಿಡಿದು ಆಫೀಸಿನ ಬಾಗಿಲು ತೆರೆಯುವ ಕಾರ್ಡಿನವರೆಗೆ ಹಲವು ಬಗೆಯ ಸಿಗ್ನಲ್‌ಗಳನ್ನು ಈ ಉಪಕರಣ ಓದಬಲ್ಲದು. ಅದರ ಮೆನುವಿನಲ್ಲಿರುವ ‘ಬ್ಯಾಡ್ ಯುಎಸ್‌ಬಿ’ ಎಂಬ ಆಯ್ಕೆಯೇ ಈ ಕೀಬೋರ್ಡ್ ವೇಷ.

ಏನು ಟೈಪ್ ಮಾಡಬೇಕೆಂದು ಹೇಳುವ ಸ್ಕ್ರಿಪ್ಟನ್ನು ಅದಕ್ಕೆ ತುಂಬುವುದರಲ್ಲಿ ಗುಟ್ಟೇನೂ ಇಲ್ಲ. ಅದೊಂದು ಸಾದಾ ಟೆಕ್ಸ್ಟ್ ಫೈಲ್. ಮೆಮೊರಿ ಕಾರ್ಡಿನಲ್ಲಿರುವ ಬ್ಯಾಡ್‌ಯುಎಸ್‌ಬಿ ಫೋಲ್ಡರಿಗೆ ಅದನ್ನು ಕಾಪಿ ಮಾಡಿ, ಉಪಕರಣವನ್ನು ಕೇಬಲ್‌ನಲ್ಲಿ ಜೋಡಿಸಿ, ಫೈಲ್ ಆರಿಸಿ ರನ್ ಒತ್ತಿದರೆ ಮುಗಿಯಿತು. ಬಳಸುವ ಭಾಷೆ ಡಕ್ಕಿಸ್ಕ್ರಿಪ್ಟ್. ಹಾಕ್5 ಕಂಪನಿ ತನ್ನ ‘ರಬ್ಬರ್ ಡಕ್ಕಿ’ ಎಂಬ ಪೆನ್‌ಡ್ರೈವ್ ರೂಪದ ಸಾಧನಕ್ಕಾಗಿ ರೂಪಿಸಿದ್ದು. ‘ಡಿಲೇ 1000’ ಎಂದರೆ ಒಂದು ಸೆಕೆಂಡ್ ಕಾಯಿ. ‘ಜಿಯುಐ ಆರ್’ ಎಂದರೆ ವಿಂಡೋಸ್ ಕೀ ಜೊತೆ ಆರ್ ಒತ್ತು. ‘ಸ್ಟ್ರಿಂಗ್’ ಎಂದರೆ ಮುಂದಿರುವುದನ್ನು ಹಾಗೇ ಟೈಪ್ ಮಾಡು. ಉಪಕರಣದ ಜೊತೆಗೇ ಬರುವ ಮಾದರಿ ಸ್ಕ್ರಿಪ್ಟ್ ನೋಟ್‌ಪ್ಯಾಡ್ ತೆರೆದು, ಅಕ್ಷರಗಳಲ್ಲೇ ಡಾಲ್ಫಿನ್ ಚಿತ್ರ ಬರೆದು ಸುಮ್ಮನಾಗುತ್ತದೆ. ಯಾರಿಗೂ ತೊಂದರೆಯಿಲ್ಲ. ಆದರೆ ನೋಟ್‌ಪ್ಯಾಡ್ ತೆರೆಯಬಲ್ಲ ಬೆರಳು ಬೇರೆ ಏನನ್ನಾದರೂ ತೆರೆಯಬಲ್ಲದು.

ಈ ವೇಷದೊಳಗಿನ ಯಂತ್ರ ಎಷ್ಟು ಕುರುಡು ಎಂಬುದನ್ನು ಕನ್ನಡದಲ್ಲಿ ಟೈಪ್ ಮಾಡುವವರು ಬೇಗ ಕಾಣಬಲ್ಲರು. ಕೀಬೋರ್ಡ್ ಕಳಿಸುವುದು ಅಕ್ಷರವನ್ನಲ್ಲ, ಯಾವ ಕೀಲಿಯನ್ನು ಒತ್ತಲಾಯಿತು ಎಂಬ ಸಂಖ್ಯೆಯನ್ನು. ಅದನ್ನು ಯಾವ ಅಕ್ಷರವಾಗಿ ಓದಬೇಕೆಂದು ನಿರ್ಧರಿಸುವುದು ಕಂಪ್ಯೂಟರ್. ಆ ಹೊತ್ತಿಗೆ ಕನ್ನಡದ ಇನ್‌ಸ್ಕ್ರಿಪ್ಟ್ ವಿನ್ಯಾಸ ಚಾಲ್ತಿಯಲ್ಲಿದ್ದರೆ, ನೋಟ್‌ಪ್ಯಾಡ್ ಎಂದು ಇಂಗ್ಲಿಷಿನಲ್ಲಿ ಟೈಪಾಗಬೇಕಾದ ಜಾಗದಲ್ಲಿ ಮೊದಲು ‘ಲ’, ಆಮೇಲೆ ‘ದ’ ಮೂಡಿ ಸ್ಕ್ರಿಪ್ಟ್ ದಾರಿ ತಪ್ಪುತ್ತದೆ. ಇದನ್ನು ರಕ್ಷಣೆ ಎಂದು ನೆಚ್ಚಿಕೊಳ್ಳುವಂತಿಲ್ಲ. ನಮ್ಮ ಬಹುಪಾಲು ಕಂಪ್ಯೂಟರುಗಳು ಇಂಗ್ಲಿಷ್ ವಿನ್ಯಾಸದಲ್ಲೇ ಇರುತ್ತವೆ.

ಅಸಲಿ ಸಮಸ್ಯೆ ಕಂಪ್ಯೂಟರಿನೊಳಗಿದೆ. ಯಾವ ಕಂಪನಿಯ ಕೀಬೋರ್ಡಾದರೂ ಸಿಕ್ಕಿಸಿದ ಕೂಡಲೇ ಕೆಲಸ ಮಾಡಲಿ ಎಂದು ಯುಎಸ್‌ಬಿ ವ್ಯವಸ್ಥೆಯನ್ನು ಕಟ್ಟಲಾಯಿತು. ‘ನಾನು ಕೀಬೋರ್ಡ್’ ಎಂದವರ ಗುರುತು ಪತ್ರ ಕೇಳುವ ಪದ್ಧತಿ ಅದರಲ್ಲಿ ಇಲ್ಲ. 2014ರಲ್ಲಿ ಲಾಸ್ ವೇಗಸ್‌ನ ಬ್ಲ್ಯಾಕ್ ಹ್ಯಾಟ್ ಸಮಾವೇಶದಲ್ಲಿ ಜರ್ಮನಿಯ ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್, ಮಾಮೂಲಿ ಪೆನ್‌ಡ್ರೈವ್‌ನ ಫರ್ಮ್‌ವೇರ್ (ಅದನ್ನು ಒಳಗಿನಿಂದ ನಡೆಸುವ ತಂತ್ರಾಂಶ) ಬದಲಿಸಿಯೇ ಅದಕ್ಕೆ ಈ ವೇಷ ತೊಡಿಸಬಹುದೆಂದು ತೋರಿಸಿದರು. ಆ್ಯಂಟಿವೈರಸ್ ಹುಡುಕುವುದು ಫೈಲುಗಳನ್ನು. ಫರ್ಮ್‌ವೇರ್ ಅದರ ಕಣ್ಣಿಗೆ ಬೀಳುವುದಿಲ್ಲ.

ಹೀಗಿದ್ದೂ ಸಿಟ್ಟೆಲ್ಲ ಉಪಕರಣದ ಮೇಲೆಯೇ ತಿರುಗಿದೆ. 2023ರಲ್ಲಿ ಅಮೆಜಾನ್ ಫ್ಲಿಪ್ಪರ್ ಝೀರೊ ಮಾರಾಟ ನಿಲ್ಲಿಸಿತು. 2024ರ ಫೆಬ್ರುವರಿಯಲ್ಲಿ ಕೆನಡಾ ಸರ್ಕಾರ ಕಾರು ಕಳವು ತಡೆಯುವ ನೆಪದಲ್ಲಿ ಅದನ್ನು ನಿಷೇಧಿಸುವುದಾಗಿ ಹೇಳಿ, ಭದ್ರತಾ ತಜ್ಞರ ಆಕ್ಷೇಪ ಕೇಳಿಬಂದ ಮೇಲೆ ನಿಲುವು ಸಡಿಲಿಸಿತು. ಒಂದು ಹೆಸರನ್ನು ನಿಷೇಧಿಸಿದರೆ ಏನೂ ಆಗದು. ಕೆಲವೇ ನೂರು ರೂಪಾಯಿಗೆ ಸಿಗುವ ಸಣ್ಣ ಮೈಕ್ರೊಕಂಟ್ರೋಲರ್ ಬೋರ್ಡ್ ಕೂಡ ಕೀಬೋರ್ಡಿನಂತೆ ನಟಿಸಬಲ್ಲದು.

ಮನುಷ್ಯರ ಎಚ್ಚರಿಕೆಯ ಮೇಲೂ ಭರವಸೆ ಇಡುವಂತಿಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ ಸಂಶೋಧಕರು 297 ಪೆನ್‌ಡ್ರೈವ್‌ಗಳನ್ನು ಅಲ್ಲಲ್ಲಿ ಬೀಳಿಸಿ ನೋಡಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಶೇ 45ರಷ್ಟು ಡ್ರೈವ್‌ಗಳನ್ನು ಸಿಕ್ಕವರು ಕಂಪ್ಯೂಟರಿಗೆ ಹಾಕಿ ಅದರೊಳಗಿನ ಫೈಲ್ ತೆರೆದಿದ್ದರು. ಹಲವರ ಉದ್ದೇಶ ಕೆಟ್ಟದ್ದೇನಲ್ಲ, ಡ್ರೈವ್ ಯಾರದೆಂದು ತಿಳಿದು ಹಿಂತಿರುಗಿಸುವುದಷ್ಟೇ. ನಮ್ಮ ಕಾಲೇಜುಗಳ ಎದುರಿನ ಜೆರಾಕ್ಸ್ ಅಂಗಡಿಗಳಲ್ಲಿ ದಿನವಿಡೀ ಅಪರಿಚಿತ ಪೆನ್‌ಡ್ರೈವ್‌ಗಳು ಒಂದೇ ಕಂಪ್ಯೂಟರಿಗೆ ಹೊಕ್ಕು ಹೊರಡುತ್ತವೆ. ಅಂಗಡಿಯವರಿಗೆ ಬೇಡ ಎನ್ನುವ ಆಯ್ಕೆಯೇ ಇಲ್ಲ. ಅದೇ ಅವರ ಅನ್ನ.

ಹಾಗಾಗಿ ರಕ್ಷಣೆ ಕಂಪ್ಯೂಟರಿನಲ್ಲೇ ಇರಬೇಕು. ದಾರಿಗಳೂ ಇವೆ. ಲಿನಕ್ಸ್‌ನ ಯುಎಸ್‌ಬಿ ಗಾರ್ಡ್, ಪರಿಚಯವಿಲ್ಲದ ಸಾಧನವನ್ನು ಒಪ್ಪಿಗೆಯಿಲ್ಲದೆ ಒಳಗೆ ಬಿಡುವುದಿಲ್ಲ. 2020ರಲ್ಲಿ ಗೂಗಲ್ ಹೊರತಂದ ಒಂದು ತಂತ್ರಾಂಶ ಕೀಲಿ ಒತ್ತುವ ವೇಗ ನೋಡಿಯೇ ಮನುಷ್ಯನ ಬೆರಳೋ ಯಂತ್ರವೋ ಎಂದು ಅಳೆಯುತ್ತದೆ. ವಿಂಡೋಸ್‌ನಲ್ಲೂ ಅನುಮತಿಸಿದ ಸಾಧನಗಳನ್ನು ಮಾತ್ರ ಸೇರಿಸುವ ನೀತಿ ಹಾಕಬಹುದು. ಇನ್ನೂ ಸರಳವಾದುದು ಎದ್ದು ಹೋಗುವಾಗ ಪರದೆಗೆ ಬೀಗ ಹಾಕುವುದು, ದಿನನಿತ್ಯದ ಕೆಲಸಕ್ಕೆ ಅಡ್ಮಿನ್ ಖಾತೆ ಬಳಸದಿರುವುದು. ಬೀಗ ಬಿದ್ದ ಪರದೆಯಲ್ಲಿ ಸ್ಕ್ರಿಪ್ಟ್ ಟೈಪ್ ಮಾಡಿದ್ದೆಲ್ಲ ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ವ್ಯರ್ಥವಾಗುತ್ತದೆ.

ಆಸಕ್ತಿಯಿಂದ ಇಂಥ ಉಪಕರಣ ಕೊಳ್ಳುವ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಹೆದರಿಸಿ ಓಡಿಸಬಾರದು. ನಾಳೆ ಕಂಪನಿಗಳ ಕಾವಲಿಗೆ ನಿಲ್ಲಬೇಕಾದವರು ಅವರೇ. ಆದರೆ ಇಂಟರ್ನೆಟ್‌ನಲ್ಲಿ ಸಿಕ್ಕ ಸ್ಕ್ರಿಪ್ಟನ್ನು ಸಾಲು ಸಾಲಾಗಿ ಓದದೆ ತುಂಬಿಕೊಂಡರೆ ಮೊದಲು ಕೆಡುವುದು ಅವರದೇ ಲ್ಯಾಪ್‌ಟಾಪ್. ಇನ್ನೊಬ್ಬರ ಕಂಪ್ಯೂಟರಿನಲ್ಲಿ ಅನುಮತಿಯಿಲ್ಲದೆ ಕೈಯಾಡಿಸಿ, ದುರುದ್ದೇಶ ಸಾಬೀತಾದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಇದನ್ನು ಲ್ಯಾಬಿನ ಮೊದಲ ತರಗತಿಯಲ್ಲೇ ಹೇಳಿಕೊಡಬೇಕು. ಹಾಗೆಯೇ ಸರ್ಕಾರಿ ಕಚೇರಿ, ಬ್ಯಾಂಕು, ಕಾಲೇಜುಗಳಿಗೆ ಕಂಪ್ಯೂಟರ್ ಕೊಳ್ಳುವ ಪ್ರತಿ ಟೆಂಡರಿನಲ್ಲಿ, ಹೊಸ ಕೀಬೋರ್ಡ್ ಸೇರಿಸಲು ಅನುಮತಿ ಬೇಕೆಂಬ ನೀತಿಯನ್ನು ಅಳವಡಿಸಿಯೇ ಯಂತ್ರ ಒಪ್ಪಿಸಬೇಕು ಎಂಬ ಷರತ್ತು ಸೇರಲಿ. ಆ ನೀತಿಗೆ ಬೇಕಾದ ಸೌಲಭ್ಯ ಈಗಾಗಲೇ ವಿಂಡೋಸ್‌ನಲ್ಲಿದೆ.