ಚುಕ್ಕೆ ಬಂದ್ರೆ ಬರ್ಲಿ, ಮುಖ ಇರ್ಲಿ

1/8
ಮೊನ್ನೆ ಹಾಕಿದ ಡೊಳ್ಳು ಕುಣಿತದ ಫೋಟೋ ಕೆಳಗೆ ಅರ್ಧಕ್ಕರ್ಧ ಕಾಮೆಂಟ್ ಒಂದೇ ಮಾತು: "ತುಂಬಾ ನಾಯ್ಸ್ ಇದೆ ಬ್ರೋ, ಐಎಸ್‌ಒ ಕಮ್ಮಿ ಮಾಡ್ಬೇಕಿತ್ತು."

ಸರಿ, ಕಮ್ಮಿ ಮಾಡೋಣ. ಆ ಫೋಟೋ ತೆಗೆದಿದ್ದು ಐಎಸ್‌ಒ 6400, ಶಟರ್ 1/250, ಅಪರ್ಚರ್ ಎಫ್ 2.8ರಲ್ಲಿ. ರಾತ್ರಿ ಎಂಟೂವರೆ, ಪೀಣ್ಯದ ಒಂದು ಫ್ಯಾಕ್ಟರಿ ಅಂಗಳ, ಶಾಮಿಯಾನದ ಕೆಳಗೆ ನಾಲ್ಕು ಟ್ಯೂಬ್‌ಲೈಟು, ಎರಡು ಹ್ಯಾಲೊಜೆನ್ನು. ಐಎಸ್‌ಒ 800ಕ್ಕೆ ಇಳಿಸಿದ್ರೆ ಶಟರ್ 1/30ಕ್ಕೆ ಬರ್ಬೇಕು. 1/30ರಲ್ಲಿ ಡೊಳ್ಳು ಬಡಿಯೋ ಕೋಲೂ ಕಾಣಲ್ಲ, ಕೈಯೂ ಕಾಣಲ್ಲ. ಕುಣಿಯೋರ ಮುಖ ಹೊಗೆ ಥರ ಎಳ್ಕೊಂಡು ಹೋಗಿರುತ್ತೆ.

ನಾನು ಹೇಳೋದು ಇಷ್ಟೇ. ರಾತ್ರಿ ಕಾರ್ಯಕ್ರಮದ ಫೋಟೋ ತೆಗೆಯೋರು ಐಎಸ್‌ಒಗೆ ಹೆದರೋದನ್ನ ಬಿಡ್ಬೇಕು. ಚುಕ್ಕೆ ಇರೋ ಫೋಟೋನ ನೋಡ್ಬಹುದು. ಅಲುಗಿಹೋದ ಫೋಟೋದಲ್ಲಿ ನೋಡೋಕೆ ಏನೂ ಉಳಿದಿರಲ್ಲ. ಒಟ್ಟು ಎಂಟು ಪೋಸ್ಟ್. ಪೂರ್ತಿ ಓದಿ, ಆಮೇಲೆ ಬೈಯಿರಿ.

2/8
ಇದನ್ನ ನಾನು ಕಲಿತಿದ್ದು ನನ್ನದೇ ತಪ್ಪಿನಿಂದ. ಎರಡು ವರ್ಷದ ಹಿಂದೆ ಅಪ್ಪ ಕೆಲಸ ಮಾಡೋ ಕಡೆ ರಾಜ್ಯೋತ್ಸವ. ಲೇತ್ ಮೇಲೆ 28 ವರ್ಷ ದುಡಿದ ಒಬ್ಬ ಅಂಕಲ್ ಆ ತಿಂಗಳು ರಿಟೈರ್ ಆಗ್ತಿದ್ರು. ಸ್ಟೇಜ್ ಮೇಲೆ ಕರೆದು ಹಾರ, ಶಾಲು, ಹಣ್ಣಿನ ಬುಟ್ಟಿ. ಕ್ಯಾಮೆರಾ ಇದ್ದಿದ್ದು ನನ್ನ ಕೈಯಲ್ಲಿ ಮಾತ್ರ.

ಕಿಟ್ ಲೆನ್ಸ್, ಎಫ್ 5.6. ತಲೆ ತುಂಬಾ ಕಾಲೇಜ್ ಕ್ಲಬ್ಬಿನ ಪಾಠ: "800 ದಾಟಬೇಡ." ದಾಟಲಿಲ್ಲ. ಶಟರ್ 1/30. ಹದಿನಾಲ್ಕು ಫ್ರೇಮ್ ತೆಗೆದೆ. ಹದಿನಾಲ್ಕರಲ್ಲೂ ಹಿಂದಿನ ಪರದೆ ನೀಟಾಗಿದೆ, ಭುವನೇಶ್ವರಿ ಫೋಟೋ ನೀಟಾಗಿದೆ. ಶಾಲಿಗೆ ತಲೆ ಬಾಗಿಸಿದ ಅಂಕಲ್ ಮುಖ ಮಾತ್ರ ಇಲ್ಲ.

ಅವರ ಮಗ ಫೋನ್ ಮಾಡಿದ: "ಅಪ್ಪನ ಮುಖ ಸರಿಯಾಗಿರೋದು ಒಂದೂ ಇಲ್ವಾ?" ಇರಲಿಲ್ಲ. ಕೊನೆಗೆ ಮೂರನೇ ಸಾಲಲ್ಲಿ ಕೂತಿದ್ದ ಯಾರೋ ಮೊಬೈಲಲ್ಲಿ ತೆಗೆದ ವಿಡಿಯೋದ ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ ಗೋಡೆಗೆ ತಗುಲಿಹಾಕಿದ್ರು. ಆ ಸ್ಕ್ರೀನ್‌ಶಾಟಲ್ಲಿರೋ ಚುಕ್ಕೆ ಎಣಿಸೋಕಾಗಲ್ಲ. ಆದ್ರೆ ಅಂಕಲ್ ನಗ್ತಿರೋದು ಕಾಣುತ್ತೆ.

ಐಎಸ್‌ಒ 3200ಕ್ಕೆ ಹೋಗಿದ್ರೆ 1/125 ಸಿಗ್ತಿತ್ತು. ಶಾಲು ಹೊದಿಸೋ ಫೋಟೋಗೆ ಅಷ್ಟು ಸಾಕಿತ್ತು. ರಿಟೈರ್‌ಮೆಂಟು ಎರಡನೇ ಸಲ ಬರಲ್ಲ.

3/8
ಈಗ ವಿಷಯಕ್ಕೆ ಬನ್ನಿ. ನಾಯ್ಸ್ ಹುಟ್ಟೋದು ಐಎಸ್‌ಒಯಿಂದಲ್ಲ, ಬೆಳಕು ಸಾಲದೆ ಇರೋದ್ರಿಂದ.

ಬೆಳಕು ಮಳೆಹನಿ ಥರ, ಬಿಡಿಬಿಡಿಯಾಗಿ ಬೀಳುತ್ತೆ. ಅಂಗಳದಲ್ಲಿ ಸಾಲಾಗಿ ಲೋಟ ಇಟ್ಟಿದ್ದೀರಿ ಅಂದ್ಕೊಳ್ಳಿ. ಜೋರು ಮಳೆ ಬಂದ್ರೆ ಎಲ್ಲಾ ಲೋಟದಲ್ಲೂ ಹೆಚ್ಚೂಕಮ್ಮಿ ಒಂದೇ ಮಟ್ಟ. ನಾಲ್ಕು ಹನಿ ಉದುರಿ ನಿಂತ್ರೆ ಒಂದರಲ್ಲಿ ಎರಡು ಹನಿ, ಪಕ್ಕದ್ದರಲ್ಲಿ ಏಳು. ಆ ಏರುಪೇರೇ ನಾಯ್ಸ್. ಲೆಕ್ಕದಲ್ಲಿ ಹೇಳೋದಾದ್ರೆ, ಒಂದು ಪಿಕ್ಸೆಲ್‌ಗೆ ಸರಾಸರಿ 10,000 ಬೆಳಕಿನ ಕಣ ಬಿದ್ರೆ ಏರುಪೇರು ಸುಮಾರು 100, ಅಂದ್ರೆ ಶೇಕಡ 1. ಬರೀ 100 ಕಣ ಬಿದ್ರೆ ಏರುಪೇರು 10, ಅಂದ್ರೆ ಶೇಕಡ 10.

ಐಎಸ್‌ಒ ಅನ್ನೋದು ಆರ್ಕೆಸ್ಟ್ರಾದವರ ಆಂಪ್ಲಿಫೈಯರ್ ಇದ್ದ ಹಾಗೆ. ಬಂದಿದ್ದನ್ನ ದೊಡ್ಡದು ಮಾಡುತ್ತೆ, ಅಷ್ಟೇ. ಶಟರ್, ಅಪರ್ಚರ್ ಹಾಗೇ ಇಟ್ಟು ಐಎಸ್‌ಒ ಮಾತ್ರ 800ಕ್ಕೆ ಇಳಿಸಿದ್ರೆ ಒಂದು ಹನಿ ಬೆಳಕೂ ಜಾಸ್ತಿ ಸಿಗಲ್ಲ. ಫೋಟೋ ಕತ್ತಲಾಗುತ್ತೆ. ಆಮೇಲೆ ಎಡಿಟಿಂಗಲ್ಲಿ ಮೂರು ಸ್ಟಾಪ್ ಎತ್ತುತ್ತೀರಿ. 6400ರಲ್ಲಿ ಬರ್ತಿದ್ದ ಚುಕ್ಕೆ ಅಲ್ಲೂ ಬರುತ್ತೆ. ಎಷ್ಟೋ ಹಳೇ ಕ್ಯಾಮೆರಾಗಳಲ್ಲಿ ಸರ್ಕ್ಯೂಟಿನ ಸ್ವಂತ ನಾಯ್ಸ್ ಕೂಡ ಜೊತೆಗೆ ಸೇರಿ ಇನ್ನೂ ಕೆಡುತ್ತೆ. ಜೆಪೆಗ್‌ನಲ್ಲಂತೂ ಒಂದೊಂದು ಬಣ್ಣಕ್ಕೆ ಇರೋದೇ 256 ಮೆಟ್ಟಿಲು. ಕತ್ತಲಲ್ಲಿ ಸಿಗೋದು ಕೆಳಗಿನ ಕೆಲವೇ ಮೆಟ್ಟಿಲು. ಎತ್ತಿದ ತಕ್ಷಣ ತೇಪೆ ತೇಪೆ.

4/8
ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಕಂಪನಿ ಕಾರ್ಯಕ್ರಮ ಶೂಟ್ ಮಾಡೋರಿಗೆ ಇದು ಗೊತ್ತಿರ್ಲೇಬೇಕು. ಸ್ಟೇಜ್ ಹಿಂದೆ ದೊಡ್ಡ ಎಲ್‌ಇಡಿ ವಾಲ್. ಕ್ಯಾಮೆರಾ ಆ ಬೆಳಕನ್ನ ನೋಡಿ "ಓಹೋ, ಜಾಗ ಬೆಳಗ್ತಾ ಇದೆ" ಅಂತ ಎಕ್ಸ್‌ಪೋಷರ್ ಇಳಿಸುತ್ತೆ. ಮುಂದೆ ನಿಂತು ಮಾತಾಡೋರ ಮುಖ ಕತ್ತಲು.

ಆ ಮುಖ ನಮ್ಮೋರ ಥರ ಕಪ್ಪಗಿದ್ರೆ ಕತೆ ಮುಗೀತು. ಎಡಿಟಿಂಗಲ್ಲಿ ಎತ್ತಿದಾಗ ಮೈಬಣ್ಣ ಕೆಸರಾಗುತ್ತೆ, ಕೆನ್ನೆ ಮೇಲೆ ಕೆಂಪು ಹಸಿರು ಕಲೆ ಏಳುತ್ತೆ. ಅದನ್ನ ಮುಚ್ಚೋಕೆ ಡೀನಾಯ್ಸ್. ಡೀನಾಯ್ಸ್ ಸಾಲದೆ ಸ್ಕಿನ್ ಸ್ಮೂತ್. ಅದರ ಮೇಲೆ ಸ್ವಲ್ಪ "ಬ್ರೈಟ್". ಕೊನೆಗೆ ಕೈಗೆ ಬರೋದು ಬೆಳ್ಳಗಿನ ಮೇಣದ ಬೊಂಬೆ. ಮೊದಲೇ ಐಎಸ್‌ಒ ಏರಿಸಿ ಮುಖಕ್ಕೆ ಸರಿಯಾಗಿ ಎಕ್ಸ್‌ಪೋಸ್ ಮಾಡಿದ್ರೆ ಇದ್ಯಾವುದೂ ಬೇಕಾಗ್ತಿರಲಿಲ್ಲ.

ನನಗೆ ನಿಜವಾಗ್ಲೂ ಸಿಟ್ಟು ಬರೋದು ಇಲ್ಲಿ. "ಕ್ಲೀನ್" ಅನ್ನೋ ಪದ ಇಟ್ಕೊಂಡು ನಮ್ಮ ಜನರ ಮುಖಾನೇ ತೊಳೆದು ಹಾಕ್ತಿದ್ದೀವಿ. ನಮ್ಮ ಅಪ್ಪಂದಿರು ಕರ್ರಗಿದ್ದಾರೆ, ಕೈ ತುಂಬಾ ಗಾಯದ ಗುರುತಿದೆ. ಹಾಗೇ ಕಾಣ್ಲಿ ಬಿಡಿ.

5/8
"800 ದಾಟಬೇಡ" ಅನ್ನೋ ನಿಯಮ ಬಂದಿದ್ದೆಲ್ಲಿಂದ? ಒಂದು ಕಾಲಕ್ಕೆ ಅದು ಸರಿಯಾಗೇ ಇತ್ತು. 2003ರಲ್ಲಿ ಬಂದ ಕ್ಯಾನನ್ 300ಡಿಯಲ್ಲಿ ಐಎಸ್‌ಒ ಮಿತಿಯೇ 1600. ಆ ಕ್ಯಾಮೆರಾ ಹಿಡಿದೋರು 800ಕ್ಕೆ ನಿಲ್ಲಿ ಅಂದಿದ್ರಲ್ಲಿ ಅರ್ಥ ಇದೆ. 2007ರಲ್ಲಿ ನಿಕಾನ್ ಡಿ3 ಮಾಮೂಲಿ ರೇಂಜಿನಲ್ಲೇ 6400 ಕೊಡ್ತು. ಅದಾಗಿ ಎಷ್ಟು ವರ್ಷ ಆಯ್ತು? ಸೆನ್ಸರ್ ಬದಲಾಯ್ತು, ಪಾಠ ಬದಲಾಗಲಿಲ್ಲ.

ಚುಕ್ಕೆ ಅಂದ್ರೆ ಪಾಪ ಅನ್ನೋದೂ ಹೊಸ ಮಾತೇ. ಫಿಲ್ಮ್ ಕಾಲದ ಪ್ರೆಸ್ ಫೋಟೋಗ್ರಾಫರ್‌ಗಳು ಕೊಡಕ್‌ನ ಟ್ರೈ-ಎಕ್ಸ್ 400 ಫಿಲ್ಮನ್ನ 1600ಕ್ಕೆ ಪುಶ್ ಮಾಡ್ತಿದ್ರು. ಗ್ರೇನ್ ದಪ್ಪಗೆ ಎದ್ದು ಕಾಣ್ತಿತ್ತು. ಆ ಫೋಟೋಗಳನ್ನ ಇವತ್ತು "ವಿಂಟೇಜ್" ಅಂತ ಲೈಕ್ ಮಾಡ್ತೀರಿ. ಫಿಲ್ಟರಲ್ಲಿ ಗ್ರೇನ್ ಸೇರಿಸಿಕೊಳ್ತೀರಿ. ತಾನಾಗೇ ಬಂದ್ರೆ ಮಾತ್ರ ಮೂಗು ಮುರೀತೀರಿ.

ನಮ್ಮ ಏರಿಯಾದ ಕಾರ್ಯಕ್ರಮ ಹಗಲಲ್ಲಿ ನಡೆಯಲ್ಲ. ಶಿಫ್ಟ್ ಮುಗೀಬೇಕು, ಟ್ರಾಫಿಕ್ ದಾಟಿ ಜನ ಬರ್ಬೇಕು. ನವೆಂಬರಲ್ಲಿ ಸೂರ್ಯ ಆರು ಗಂಟೆಗೆ ಮುಂಚೇನೇ ಮುಳುಗ್ತಾನೆ. ಮೈಕ್‌ಗೆ ಹತ್ತು ಗಂಟೆ ಗಡುವು. ನಮ್ಮ ಗಣೇಶ, ನಮ್ಮ ರಾಜ್ಯೋತ್ಸವ ಎಲ್ಲಾ ಈ ನಾಲ್ಕು ಗಂಟೆ ಕತ್ತಲಲ್ಲೇ. 800 ದಾಟಬೇಡಿ ಅಂದ್ರೆ ಇದ್ಯಾವುದನ್ನೂ ಫೋಟೋ ತೆಗೀಬೇಡಿ ಅಂದ ಹಾಗೇ.

6/8
"ಫ್ಲ್ಯಾಶ್ ಹಾಕು" ಅಂತೀರಿ. ಎಲ್ಲಿಗೆ ಬೌನ್ಸ್ ಮಾಡ್ಲಿ? ಬಯಲಲ್ಲಿ ಮೇಲಿರೋದು ಆಕಾಶ. ಶಾಮಿಯಾನದ ಕೆಂಪು ಹಳದಿ ಬಟ್ಟೆಗೆ ಬೌನ್ಸ್ ಮಾಡಿದ್ರೆ ಎಲ್ಲರಿಗೂ ಕುಂಕುಮ ಅರಿಶಿನ ಬಳಿದ ಹಾಗೆ ಬರುತ್ತೆ.

ಕರಗಕ್ಕೆ ಹೋಗಿದ್ದೀರಲ್ಲ? ನಮ್ಮ ವೈಟ್‌ಫೀಲ್ಡ್ ಆಚೆ ಹೊಸಕೋಟೆಲಿ, ಎಲೆಕ್ಟ್ರಾನಿಕ್ ಸಿಟಿ ಆಚೆ ಆನೇಕಲ್‌ನಲ್ಲಿ ಕರಗ ಇದೆ. ಬೆಂಗಳೂರು ಕರಗ ಚೈತ್ರ ಪೌರ್ಣಮಿ ರಾತ್ರಿ ತಿಗಳರಪೇಟೆ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡೋ ಹೊತ್ತಿಗೆ ಮಧ್ಯರಾತ್ರಿ ದಾಟಿರುತ್ತೆ. ತಲೆ ಮೇಲಿನ ಕರಗವನ್ನ ಕೈಯಲ್ಲಿ ಹಿಡಿಯದೆ, ಜನಜಂಗುಳಿ ನಡುವೆ ಹೆಜ್ಜೆ ಹಾಕೋರ ಕಣ್ಣಿಗೆ ನಾವು ನೇರ ಫ್ಲ್ಯಾಶ್ ಹೊಡೀಬೇಕಾ? ಹೊಡೆದ್ರೂ ಸಿಗೋದೇನು? ಮಲ್ಲಿಗೆ ಎಸಳೇ ಕಾಣದಷ್ಟು ಬಿಳಿ ಮುದ್ದೆ, ಹಿಂದೆ ಕಪ್ಪು ಗೋಡೆ. ಕತ್ತಿ ಹಿಡಿದ ವೀರಕುಮಾರರು, ದೀಪ, ಬೀದಿ, ಜನ ಎಲ್ಲಾ ಮಾಯ. ಆ ರಾತ್ರಿಯ ಬೆಳಕೇ ಅರ್ಧ ಕರಗ. ಅದನ್ನ ಫ್ಲ್ಯಾಶ್ ಕೊಲ್ಲುತ್ತೆ. ಐಎಸ್‌ಒ 6400 ಉಳಿಸುತ್ತೆ.

7/8
ಇನ್ನೊಂದು ಸಣ್ಣ ಲೆಕ್ಕ. 24 ಮೆಗಾಪಿಕ್ಸೆಲ್ ಫೋಟೋದ ಅಗಲ 6000 ಪಿಕ್ಸೆಲ್. ನಾವು ಇಲ್ಲಿಗೆ ಹಾಕೋದು 1080ಕ್ಕೆ ಇಳಿಸಿ. ಅಂದ್ರೆ ಸುಮಾರು ಮೂವತ್ತು ಪಿಕ್ಸೆಲ್ ಸೇರಿ ಒಂದಾಗುತ್ತೆ, ಚುಕ್ಕೆಗಳ ಏರುಪೇರು ಸರಾಸರಿಯಲ್ಲಿ ಕರಗಿಹೋಗುತ್ತೆ. ಲ್ಯಾಪ್‌ಟಾಪಲ್ಲಿ ನೂರು ಪರ್ಸೆಂಟ್ ಝೂಮ್ ಮಾಡಿ ಅಳೋರು ನೀವೊಬ್ಬರೇ. ಬೇರೆ ಯಾರೂ ಹಾಗೆ ನೋಡಲ್ಲ. ಅಲುಗಾಟ ಮಾತ್ರ ಎಷ್ಟು ಚಿಕ್ಕದು ಮಾಡಿದ್ರೂ ಪೂರ್ತಿ ಹೋಗಲ್ಲ.

ಎದುರು ಪಾರ್ಟಿ ಮಾತಲ್ಲೂ ನಿಜ ಇದೆ, ಒಪ್ಕೋತೀನಿ. ಐಎಸ್‌ಒ ಏರಿದ ಹಾಗೆ ಬಿಳಿ ಭಾಗ ಬೇಗ ಸುಡುತ್ತೆ, ರೇಷ್ಮೆ ಸೀರೆ ಬಣ್ಣದ ಸೂಕ್ಷ್ಮ ಹೋಗುತ್ತೆ. ಅಲುಗದ ವಸ್ತು, ಕೈಯಲ್ಲಿ ಟ್ರೈಪಾಡ್ ಇದ್ರೆ 100ರಲ್ಲೇ ತೆಗೀರಿ. ಗೋಪುರದ ದೀಪಾಲಂಕಾರಕ್ಕೆ 6400 ಹಾಕೋದು ದಡ್ಡತನ. ನಾನು ಹೇಳ್ತಿರೋದು ಕುಣಿಯೋ, ನಗೋ, ತಲೆ ಬಾಗಿಸೋ ಮನುಷ್ಯರ ಬಗ್ಗೆ. ಮೊಬೈಲಿನ ನೈಟ್ ಮೋಡ್ ಕೂಡ ಹಲವು ಫ್ರೇಮ್ ಸೇರಿಸಿ ಒಂದು ಮಾಡುತ್ತೆ. ಕಟ್ಟಡಕ್ಕೆ ಸೊಗಸು, ಕೋಲಾಟಕ್ಕೆ ನಂಬಬೇಡಿ.

8/8
ಸೇವ್ ಮಾಡ್ಕೊಳ್ಳಿ. ಮೊದಲು ಶಟರ್ ನಿರ್ಧಾರ ಮಾಡಿ: ಭಾಷಣ, ಸನ್ಮಾನಕ್ಕೆ 1/125, ಕುಣಿತಕ್ಕೆ 1/250 ಅಥವಾ ಮೇಲೆ. ಅಪರ್ಚರ್ ಆದಷ್ಟು ತೆರೆಯಿರಿ. ಕಿಟ್ ಲೆನ್ಸಿನ ಎಫ್ 5.6ಕ್ಕಿಂತ 50 ಎಂಎಂ ಎಫ್ 1.8 ಲೆನ್ಸ್ ಮೂರು ಸ್ಟಾಪ್‌ಗೂ ಜಾಸ್ತಿ ಬೆಳಕು ಕೊಡುತ್ತೆ. ಐಎಸ್‌ಒ ಕೊನೆಗೆ, ಎಷ್ಟು ಬೇಕೋ ಅಷ್ಟು. ಹಿಂದೆ ಎಲ್‌ಇಡಿ ವಾಲ್ ಇದ್ರೆ ಎಕ್ಸ್‌ಪೋಷರ್ ಒಂದು ಸ್ಟಾಪ್ ಮೇಲೆ. ನಮ್ಮ ಕರೆಂಟು 50 ಹರ್ಟ್ಸ್, ಲೈಟು ಸೆಕೆಂಡಿಗೆ ನೂರು ಸಲ ಮಿನುಗುತ್ತೆ. ಫೋಟೋದಲ್ಲಿ ಪಟ್ಟಿ ಬಂದ್ರೆ ಶಟರ್ 1/100ಕ್ಕೆ ಇಡಿ. ರಾ ಫೈಲಲ್ಲಿ ತೆಗೀರಿ. ಎಡಿಟಿಂಗಲ್ಲಿ ಬಣ್ಣದ ಚುಕ್ಕೆ ಕಮ್ಮಿ ಮಾಡಿ, ಉಳಿದ ಗ್ರೇನ್ ಬಿಟ್ಬಿಡಿ. ಸ್ಕಿನ್ ಸ್ಮೂತ್ ಕಡೆ ತಲೆನೂ ಹಾಕ್ಬೇಡಿ.

ಈ ನವೆಂಬರಲ್ಲಿ ನಿಮ್ಮ ಬೀದಿಯಲ್ಲೋ ಆಟೋ ಸ್ಟ್ಯಾಂಡಲ್ಲೋ ಯಾರಿಗೋ ಶಾಲು ಹೊದಿಸ್ತಾರೆ. ಕ್ಯಾಮೆರಾ ನಿಮ್ಮ ಕೈಯಲ್ಲೇ ಇರುತ್ತೆ. 3200ಕ್ಕೆ ಏರಿಸಿ ಒತ್ತಿ. "ನಾಯ್ಸ್ ಬ್ರೋ" ಅಂತ ಯಾರಾದ್ರೂ ಅಂದ್ರೆ ನನ್ನ ಟ್ಯಾಗ್ ಮಾಡಿ, ನಾನು ಬರ್ತೀನಿ. ಅವರ ಮನೆಯವರು ಫೋನ್ ಮಾಡಿ "ಮುಖ ಸರಿಯಾಗಿರೋದು ಇದ್ಯಾ?" ಅಂತ ಕೇಳಿದಾಗ "ಇದೆ, ಕಳಿಸ್ತೀನಿ" ಅನ್ನೋ ಹಾಗಿರ್ಲಿ.

#ಐಎಸ್‌ಒಏರಿಸಿ #ಪೀಣ್ಯ #ರಾಜ್ಯೋತ್ಸವ #ಕನ್ನಡಫೋಟೋಗ್ರಫಿ