ಮನೆಗೆ ಕರೆತಂದವರೂ ವೀರರೇ



ಎರಡನೇ ಮಹಾಯುದ್ಧದ ಮಾತು ಬಂದರೆ ನಮ್ಮ ತರಗತಿಯಲ್ಲಿ ಒಂದೇ ಪ್ರಶ್ನೆ. ಯಾರು ಎಷ್ಟು ಹಡಗು ಮುಳುಗಿಸಿದರು? ನನಗೆ ಮಾತ್ರ ಆ ಯುದ್ಧದಲ್ಲಿ ಹೆಚ್ಚು ಮೆಚ್ಚುಗೆಯಾದವರು ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಬರ್ಟ್ರಾಮ್ ರಾಮ್ಸೆ. ಇವರು ಹೆಸರಾದದ್ದು ಸೈನಿಕರನ್ನು ಜೀವಸಹಿತ ವಾಪಸ್ ತಂದದ್ದಕ್ಕೆ.

ಇವರು 1898ರಲ್ಲಿ, ಹದಿನೈದು ವರ್ಷದ ಹುಡುಗನಾಗಿದ್ದಾಗಲೇ ನೌಕಾಪಡೆ ಸೇರಿದರು. 1935ರಲ್ಲಿ ಮೇಲಧಿಕಾರಿಯ ಜೊತೆ ಹೊಂದಲಿಲ್ಲ. ಆತ ಎಲ್ಲಾ ಕೆಲಸವನ್ನೂ ತಾನೇ ಮಾಡುತ್ತಿದ್ದನಂತೆ. (ಬೋರ್ಡು ಒರೆಸಲೂ ಬಿಡದ ಮಾನಿಟರ್ ಇರ್ತಾರಲ್ಲ, ಹಾಗೆ!) ರಾಮ್ಸೆ ಆ ಹುದ್ದೆ ಬಿಟ್ಟರು, 1938ರಲ್ಲಿ ನಿವೃತ್ತರೂ ಆದರು. ಆದರೆ 1939ರಲ್ಲಿ ಯುದ್ಧ ಬಂದಾಗ ಅವರನ್ನೇ ಕರೆದು ಡೋವರ್ ಬಂದರಿನ ಹೊಣೆ ಕೊಟ್ಟರು. ಅದು ಫ್ರಾನ್ಸಿಗೆ ಎದುರಾಗಿರುವ ಇಂಗ್ಲೆಂಡಿನ ದಡ.

1940ರ ಮೇ ತಿಂಗಳಲ್ಲಿ ಜರ್ಮನರು ಬ್ರಿಟಿಷ್ ಮತ್ತು ಫ್ರೆಂಚ್ ಸೈನಿಕರನ್ನು ಫ್ರಾನ್ಸಿನ ಡಂಕರ್ಕ್ ಎಂಬ ಊರಿನ ಬಳಿ ಸುತ್ತುಗಟ್ಟಿದರು. ಮುಂದೆ ಶತ್ರು, ಹಿಂದೆ ಸಮುದ್ರ. ಸುಮಾರು 45 ಸಾವಿರ ಜನರನ್ನು ಉಳಿಸಿದರೆ ಹೆಚ್ಚು ಅಂತ ದೊಡ್ಡವರು ಲೆಕ್ಕ ಹಾಕಿದ್ದರು. ರಾಮ್ಸೆ ಡೋವರ್ ಕೋಟೆಯ ಕೆಳಗಿನ ಸುರಂಗದಲ್ಲಿ ಕೂತು ಹಡಗುಗಳನ್ನು ಹೊಂದಿಸಿದರು. ಕಷ್ಟ ಏನೆಂದರೆ ದಡದ ಹತ್ತಿರ ನೀರಿಗೆ ಆಳವಿಲ್ಲ, ದೊಡ್ಡ ಹಡಗು ಬರೋದಿಲ್ಲ. ಮೀನುಗಾರರ ದೋಣಿ, ವಿಹಾರದ ದೋಣಿ ಎಲ್ಲಾ ಬಂದವು. ಸೈನಿಕರು ನೀರಿನಲ್ಲೇ ನಿಂತು ಕಾದರು. ದೋಣಿಗಳ ಕತೆಯನ್ನೇ ಎಲ್ಲರೂ ಹೇಳುತ್ತಾರೆ. ಆದರೆ ಹೆಚ್ಚು ಜನ ಪಾರಾದದ್ದು ಬಂದರಿನಲ್ಲಿ ಅಲೆ ತಡೆಯಲು ಕಟ್ಟಿದ್ದ ಉದ್ದನೆಯ ಕಟ್ಟೆಯಿಂದ. ಅದು ಹಡಗು ಕಟ್ಟಲು ಮಾಡಿದ್ದೇ ಅಲ್ಲ! ಮೇ 27ರಂದು ಬಂದವರು ಎಂಟು ಸಾವಿರವೂ ಇರಲಿಲ್ಲ. ಜೂನ್ 4ರ ಹೊತ್ತಿಗೆ ಲೆಕ್ಕ 3,38,226.

"ಓಡಿ ಬಂದದ್ದು ಸೋಲಲ್ವಾ?" ಎಂದು ಒಬ್ಬ ಗೆಳೆಯ ಕೇಳಿದ. ಸೋಲೇ. ಫಿರಂಗಿ, ಗಾಡಿ ಎಲ್ಲಾ ಅಲ್ಲೇ ಬಿಟ್ಟರು. ಸಾವಿರಾರು ಫ್ರೆಂಚ್ ಸೈನಿಕರು ಉಳಿದು ಸೆರೆಯಾದರು. ಆದರೆ 1944ರ ಜೂನ್ 6ರಂದು ಸುಮಾರು 7 ಸಾವಿರ ಹಡಗು ದೋಣಿಗಳನ್ನು ಅದೇ ಫ್ರಾನ್ಸಿನ ನಾರ್ಮಂಡಿ ದಡಕ್ಕೆ ನಡೆಸಿದವರೂ ಇದೇ ರಾಮ್ಸೆ. ಯುದ್ಧ ಮುಗಿದದ್ದನ್ನು ಮಾತ್ರ ಅವರು ನೋಡಲಿಲ್ಲ. 1945ರ ಜನವರಿ 2ರಂದು ಪ್ಯಾರಿಸ್ ಹತ್ತಿರ ವಿಮಾನ ಬಿದ್ದು ತೀರಿಕೊಂಡರು.

ನಮ್ಮನ್ನು ಆಳಿದವರ ಅಧಿಕಾರಿಯನ್ನು ನಾವು ಹೊಗಳಬೇಕೇ ಎಂದೂ ಕೇಳಬಹುದು. ಕೇಳಲೇಬೇಕು. ಡಂಕರ್ಕ್ ಮರಳಿನ ಮೇಲೆ ಭಾರತದಿಂದ ಹೋದ ಹೇಸರಗತ್ತೆ ದಳದ ಸಿಪಾಯಿಗಳೂ ಇದ್ದರು. ಯುದ್ಧ ಬೇಕಾ ಬೇಡವಾ ಅಂತ ನಮ್ಮ ದೇಶವನ್ನು ಯಾರೂ ಕೇಳಿರಲಿಲ್ಲ. ಅವರೂ ಹಡಗು ಹತ್ತಿದರು, ಸಾಕಿದ ಹೇಸರಗತ್ತೆಗಳನ್ನು ಅಲ್ಲೇ ಬಿಟ್ಟು. 2000ದಲ್ಲಿ ಡೋವರ್ ಕೋಟೆಯಲ್ಲಿ ರಾಮ್ಸೆಯವರ ಪ್ರತಿಮೆ ನಿಲ್ಲಿಸಿದರು. ನನ್ನನ್ನು ಕೇಳಿದರೆ, ಪಕ್ಕದಲ್ಲಿ ಹೇಸರಗತ್ತೆಯ ಹಗ್ಗ ಹಿಡಿದ ಒಬ್ಬ ಸಿಪಾಯಿಯೂ ಇರಬೇಕು.

ಒಪ್ಪದವರು ಮುಂದಿನ ಸಂಚಿಕೆಗೆ ಬರೆದು ಕೊಡಿ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ, ಇನ್ನೊಂದು ಮಗ್ಗುಲಿಗೆ ಅಂಟು ಹಚ್ಚಬೇಕು.

— 7ನೇ ತರಗತಿ ವಿದ್ಯಾರ್ಥಿ