ವಾಯ್ಸ್ ನಮ್ಮ ಭಾಷೆಯದ್ದು ಎಂದ ಮಾತ್ರಕ್ಕೆ ಸುದ್ದಿ ಸತ್ಯವಲ್ಲ

ಕೆಲವು ತಿಂಗಳ ಹಿಂದಿನ ಮಾತು. ಮಗ್ರಿಬ್ ನಂತರ ಮದ್ರಸದಲ್ಲಿ ಕ್ಲಾಸ್ ನಡೀತಾ ಇತ್ತು. ಇದ್ದಕ್ಕಿದ್ದ ಹಾಗೆ ಐದಾರು ತಾಯಂದಿರು ಗೇಟಿನ ಹತ್ತಿರ ಬಂದು ಮಕ್ಕಳನ್ನು ಕರೆಯತೊಡಗಿದರು. ಏನಾಯ್ತು ಎಂದು ಕೇಳಿದರೆ ಒಬ್ಬರು ಮೊಬೈಲ್ ಮುಂದೆ ಹಿಡಿದರು. ಬ್ಯಾರಿ ಭಾಷೆಯಲ್ಲಿ ಒಂದು ವಾಯ್ಸ್ ಮೆಸೇಜ್. ಸಲಾಂನಿಂದ ಶುರುವಾಗಿ, ಪಕ್ಕದ ಪೇಟೆಯಲ್ಲಿ ಗಲಾಟೆ ಆಗಿದೆ, ಚೂರಿ ಹಾಕಿದ್ದಾರೆ, ಮಕ್ಕಳನ್ನು ಹೊರಗೆ ಬಿಡಬೇಡಿ, ಎಲ್ಲ ಗ್ರೂಪಿಗೂ ಹಾಕಿ ಎಂದು ಮುಗಿಯುತ್ತದೆ.

ಆ ಪೇಟೆಯಲ್ಲಿ ಅಂಗಡಿ ಇರುವ ಪರಿಚಯದವರಿಗೆ ಫೋನ್ ಮಾಡಿದೆ. "ಇಲ್ಲಿ ಎಂಥದ್ದೂ ಇಲ್ಲ ಉಸ್ತಾದ್, ನಾನು ಅಂಗಡಿಯಲ್ಲೇ ಇದ್ದೇನೆ" ಎಂದರು. ವಾಯ್ಸ್ ಕಳಿಸಿದ್ದು ಯಾರು ಎಂದು ಆ ತಾಯಿಯನ್ನು ಕೇಳಿದೆ. ದುಬೈಯಲ್ಲಿರುವ ತಮ್ಮ. ತಮ್ಮನಿಗೆ ಕಳಿಸಿದ್ದು? ಅವನ ರೂಮಿನವರು. ಅವರಿಗೆ? ಗೊತ್ತಿಲ್ಲ. ನಾಲ್ಕು ಕಿಲೋಮೀಟರ್ ಆಚೆಯ ಪೇಟೆಯ ಸುದ್ದಿ ಸಮುದ್ರ ದಾಟಿ ಬಂದಿತ್ತು. ಮೂಲ ಯಾರದ್ದೆಂದು ಯಾರಿಗೂ ತಿಳಿದಿರಲಿಲ್ಲ.

ಟಿವಿ ಹೇಳಿದ್ದನ್ನೆಲ್ಲ ನಂಬಬಾರದು ಎಂಬುದನ್ನು ನಾವು 2020ರಲ್ಲೇ ಕಲಿತೆವು. ಕೊರೋನ ಕಾಲದಲ್ಲಿ ತಬ್ಲೀಗ್ ಜಮಾಅತಿನ ಹೆಸರಿನಲ್ಲಿ ಇಡೀ ಸಮುದಾಯವನ್ನೇ ರೋಗ ಹರಡುವವರು ಎಂಬಂತೆ ತೋರಿಸಲಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶಿ ತಬ್ಲೀಗಿಗಳ ಮೇಲಿನ ಎಫ್‌ಐಆರ್‌ಗಳನ್ನು ರದ್ದುಪಡಿಸಿತು. ಮಾಧ್ಯಮಗಳಲ್ಲಿ ನಡೆದ ಅಪಪ್ರಚಾರವನ್ನೂ ಟೀಕಿಸಿತು. ಅಂದಿನಿಂದ ನಮ್ಮ ಎಷ್ಟೋ ಮನೆಗಳಲ್ಲಿ ಕೆಲವು ಚಾನೆಲ್ ಹಾಕುವುದೇ ಇಲ್ಲ. ಒಳ್ಳೆಯದೇ. ಆದರೆ ಎದುರಿನ ಬಾಗಿಲು ಮುಚ್ಚಿ ಹಿಂಬಾಗಿಲು ತೆರೆದಿಟ್ಟಿದ್ದೇವೆ. ನಮ್ಮ ಭಾಷೆಯಲ್ಲಿ, ನಮ್ಮವರಿಂದಲೇ ಬಂದದ್ದನ್ನು ಪ್ರಶ್ನೆಯೇ ಇಲ್ಲದೆ ಒಳಗೆ ಬಿಡುತ್ತೇವೆ.

ಸುದ್ದಿ ಬಂದರೆ ಪರಿಶೀಲಿಸಿ, ಇಲ್ಲವಾದರೆ ಅರಿಯದೆ ಯಾರಿಗಾದರೂ ಹಾನಿ ಮಾಡಿ ಮತ್ತೆ ಪಶ್ಚಾತ್ತಾಪ ಪಡಬೇಕಾದೀತು ಎಂಬ ಎಚ್ಚರಿಕೆ ಸೂರಃ ಹುಜುರಾತ್‌ನಲ್ಲಿದೆ. ಹೆಚ್ಚಿನ ತಫ್ಸೀರ್‌ಗಳು ಹೇಳುವ ಇದರ ಹಿನ್ನೆಲೆ ಗಮನಿಸಿ. ಬನೂ ಮುಸ್ತಲಿಕ್ ಗೋತ್ರದವರಿಂದ ಝಕಾತ್ ತರಲು ಪ್ರವಾದಿ(ಸ)ರವರು ಒಬ್ಬರನ್ನು ಕಳುಹಿಸಿದ್ದರು. ಅವರು ದಾರಿಯಲ್ಲೇ ಹೆದರಿ ವಾಪಸ್ ಬಂದು, ಅವರು ಝಕಾತ್ ಕೊಡಲು ಒಪ್ಪಲಿಲ್ಲ ಎಂದುಬಿಟ್ಟರು. ವಿಚಾರಿಸದೆ ಹೊರಟಿದ್ದರೆ ನಿರಪರಾಧಿಗಳ ರಕ್ತ ಹರಿಯುತ್ತಿತ್ತು. ಗೋತ್ರದವರೋ ಝಕಾತ್ ಹಿಡಿದುಕೊಂಡು ಕಾಯುತ್ತಿದ್ದರು. ಆ ಸುಳ್ಳು ಸುದ್ದಿ ತಂದವರು ಶತ್ರುವಲ್ಲ, ನಮ್ಮ ಕಡೆಯವರೇ ಎಂಬುದನ್ನು ನೆನಪಿಡಬೇಕು.

ನಮ್ಮ ರಾಜ್ಯದಲ್ಲೇ ಆದದ್ದನ್ನು ನೋಡಿ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಒಬ್ಬ ಯುವ ಇಂಜಿನಿಯರ್‌ನನ್ನು ಗುಂಪು ಹೊಡೆದು ಕೊಂದಿತು. ಗೆಳೆಯರೊಟ್ಟಿಗೆ ತಿರುಗಾಡಲು ಬಂದವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರು, ಅಷ್ಟೇ. ಮಕ್ಕಳ ಕಳ್ಳರು ಎಂದು ವಾಟ್ಸ್‌ಆ್ಯಪ್‌ನಲ್ಲಿ ವೀಡಿಯೊ ಓಡಿತು. ಅವರ ಕಾರಿಗಿಂತ ಮೊದಲು ಸುದ್ದಿ ಮುಂದಿನ ಊರು ಮುಟ್ಟಿತು. ಬಂಧಿತರಲ್ಲಿ ಗ್ರೂಪ್ ಅಡ್ಮಿನ್ ಕೂಡ ಇದ್ದ. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಮ್ಮೆಗೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಎಂಬ ಮಿತಿ ಪ್ರಕಟಿಸಿತು. ಹಲವು ಕೈ ದಾಟಿ ಬಂದ ಮೆಸೇಜಿಗೆ 2020ರಿಂದ ಒಂದೇ ಚಾಟ್‌ನ ಮಿತಿ ಇದೆ. ಜೋಡಿ ಬಾಣದ ಗುರುತು ಇರುವುದು ಅಂಥದ್ದಕ್ಕೇ. ಆ ಗುರುತು ಕಂಡರೆ ಅದು ನಿಮ್ಮ ತಮ್ಮನ ಮಾತಲ್ಲ, ಊರೂರು ಸುತ್ತಿ ಬಂದದ್ದು ಎಂದು ತಿಳಿಯಿರಿ.

ನಮ್ಮ ಕರಾವಳಿಯಲ್ಲಿ ಇದರ ಅಪಾಯ ಇನ್ನೂ ಹೆಚ್ಚು. 2025ರ ಕೊಲೆಗಳ ಬಳಿಕ ಸರಕಾರ ಇಲ್ಲಿಗೆ ವಿಶೇಷ ಕಾರ್ಯಪಡೆಯನ್ನೇ ತಂದಿತು. ದ್ವೇಷ ಹಬ್ಬಿಸುವ ಪೋಸ್ಟ್‌ಗಳ ಮೇಲೆ ಪೊಲೀಸರು ಕೇಸು ಹಾಕಿದರು. ಭಾರತೀಯ ನ್ಯಾಯ ಸಂಹಿತೆಯ 196 ಮತ್ತು 353ನೇ ಕಲಂಗಳಲ್ಲಿ ಮೂರು ವರ್ಷದವರೆಗೆ ಜೈಲು ಇದೆ. "ನಾನು ಬರೆದದ್ದಲ್ಲ, ಫಾರ್ವರ್ಡ್ ಮಾಡಿದ್ದು ಮಾತ್ರ" ಎಂದರೆ ತಪ್ಪಿಸಿಕೊಳ್ಳಲಾಗದು. ಕೋರ್ಟಿನಲ್ಲಿ ಕೇಸ್ ಬಾಕಿ ಇದ್ದರೆ ಪಾಸ್‌ಪೋರ್ಟಿಗೂ ಪೊಲೀಸ್ ಕ್ಲಿಯರೆನ್ಸಿಗೂ ತೊಡಕು. ಗಲ್ಫ್ ಕನಸು ಕಾಣುವ ಹುಡುಗನಿಗೆ ಇದೇ ದೊಡ್ಡ ಶಿಕ್ಷೆ. ಅಲ್ಲಿದ್ದೇನೆ ಎಂದು ಧೈರ್ಯವೂ ಬೇಡ. ಯುಎಇಯ 2021ರ ಸೈಬರ್ ಕಾನೂನಿನಲ್ಲಿ ವದಂತಿ ಹರಡಿದವರಿಗೆ ಕನಿಷ್ಠ ಒಂದು ವರ್ಷ ಜೈಲು, ಒಂದು ಲಕ್ಷ ದಿರ್ಹಂ ದಂಡವಿದೆ.

ಹಾಗಾದರೆ ಏನನ್ನೂ ಓದಬಾರದಾ? ಓದಬೇಕು, ಆದರೆ ಆರಿಸಿಕೊಂಡು ಓದಬೇಕು. ಹದೀಸ್ ಕಲಿಸುವಾಗ ನಾವು ಮಕ್ಕಳಿಗೆ ಸನದ್ ಎಂದರೇನು ಎಂದು ಹೇಳಿಕೊಡುತ್ತೇವೆ. ಯಾರಿಂದ ಯಾರಿಗೆ ಬಂತು ಎಂಬ ಕೊಂಡಿಯಲ್ಲಿ ಒಬ್ಬರು ಯಾರೆಂದು ಗೊತ್ತಾಗದಿದ್ದರೂ ಆ ವರದಿ ದುರ್ಬಲವಾಗುತ್ತದೆ. ದೀನಿನ ವಿಷಯದಲ್ಲಿ ಇಷ್ಟು ಜಾಗ್ರತೆ ಕಲಿತ ನಾವು ಗಲಾಟೆಯ ಸುದ್ದಿಯಲ್ಲಿ ಮಾತ್ರ ಅದನ್ನು ಮರೆಯುವುದೇಕೆ? ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬ ಸುಳ್ಳುಗಾರನಾಗಲು ಸಾಕು ಎಂಬರ್ಥದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ.

ಮನೆಯಲ್ಲಿ ಒಂದು ಕ್ರಮ ಇಟ್ಟುಕೊಳ್ಳೋಣ. ತಪ್ಪಾದರೆ ತಿದ್ದುಪಡಿ ಹಾಕುವ ಒಂದೆರಡು ಪತ್ರಿಕೆಯನ್ನು ದಿನಾ ಓದೋಣ. ದಿನಾಂಕ, ಜಾಗ, ಹೇಳಿದವರ ಹೆಸರು ಇಲ್ಲದ ವಾಯ್ಸ್ ನಮ್ಮ ಮೊಬೈಲಿನಲ್ಲೇ ನಿಲ್ಲಲಿ. ಭಯವಾದರೆ ಗ್ರೂಪಿಗೆ ಹಾಕುವ ಮೊದಲು ಆ ಊರಿನವರಿಗೇ ಒಂದು ಫೋನ್ ಮಾಡಿ, ಇಲ್ಲವೇ 112ಕ್ಕೆ ಕರೆ ಮಾಡಿ. ಗ್ರೂಪ್ ನಡೆಸುವ ಜಮಾಅತಿನ ಯುವಕರು ಅಳಿಸಲು ಮುಲಾಜು ನೋಡಬಾರದು.

ಆ ದಿನ ಅರ್ಧಕ್ಕೇ ಬಿಟ್ಟ ಪಾಠವನ್ನು ಮಾರನೇ ದಿನ ಮುಗಿಸಿದೆ. ಆದರೆ ಉಮ್ಮಂದಿರ ಮುಖದಲ್ಲಿ ಕಂಡ ಹೆದರಿಕೆಯನ್ನು ಮಕ್ಕಳು ಅಷ್ಟು ಬೇಗ ಮರೆಯಲಿಲ್ಲ. "ಉಸ್ತಾದ್, ನಿಜವಾಗಿ ಯಾರಿಗೂ ಏನೂ ಆಗಿಲ್ಲವಾ?" ಎಂದು ಒಬ್ಬ ಸಣ್ಣ ಹುಡುಗ ವಾರವಿಡೀ ಕೇಳುತ್ತಿದ್ದ.